ಏಳಕ್ಕೆ ಎರಡು ಹೆಸರು

ಹೋದ ತಿಂಗಳು ಗಚ್ಚಿಬೌಲಿಯಲ್ಲಿ ಒಬ್ಬ ಪೇಷಂಟನ್ನು ನೋಡಿ ವಾಪಸ್ ಬರುವಾಗ ಮೆಹದಿಪಟ್ಟಣಂನಲ್ಲಿ ಕ್ಯಾಬು ನಿಂತುಬಿಟ್ಟಿತು. ಮುಂದೆ ಬಸ್ಸು, ಹಿಂದೆ ಬಸ್ಸು, ಪಕ್ಕದಲ್ಲಿ ಸೀತಾಫಲದ ಬುಟ್ಟಿಗಳು. ಗಾಜು ಇಳಿಸಿದ್ದೇ ತಪ್ಪಾಯಿತು. ಬಿರಿದ ಹಣ್ಣಿನ ವಾಸನೆ ಒಳಗೆ ಬಂತು, ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಡ್ರೈವರ್ ಕನ್ನಡಿಯಲ್ಲಿ ನೋಡಿ, ಏಸಿ ಜಾಸ್ತಿ ಮಾಡಲಾ ಮೇಡಂ ಅಂತ ತೆಲುಗಿನಲ್ಲಿ ಕೇಳಿದ. ಬೇಡ ಅಂದೆ. ಅರವತ್ತರ ಹತ್ತಿರ ಬಂದ ಹೆಂಗಸಿಗೆ ಸೀತಾಫಲದ ವಾಸನೆಗೆ ಯಾಕೆ ಅಳು ಬರುತ್ತದೆ ಅಂತ ಅವನಿಗೆ ಹೇಗೆ ಹೇಳುವುದು. ಮನೆಯಲ್ಲೂ ಯಾರಿಗೂ ಹೇಳಿಲ್ಲ. ಇಲ್ಲಿ ಬರೆದು ಹಗುರಾಗುತ್ತೇನೋ ನೋಡಬೇಕು.

ಆಗ ನನಗೆ ಇಪ್ಪತ್ತಾರು. ಹೈದರಾಬಾದು ಇನ್ನೂ ಆಂಧ್ರಪ್ರದೇಶದ ರಾಜಧಾನಿಯಾಗಿದ್ದ ಕಾಲ. ಗಚ್ಚಿಬೌಲಿ ಅಂದರೆ ಬಂಡೆ, ಕುರುಚಲು ಗಿಡ, ಆ ಕಡೆ ಯೂನಿವರ್ಸಿಟಿ, ಅಷ್ಟೇ. ಅಪ್ಪ ಕಲಬುರ್ಗಿ ಕಡೆಯವರು, ಇಲ್ಲಿ ಸರ್ಕಾರಿ ನೌಕರಿ. ನಮ್ಮ ಮನೆ ಕಾಚಿಗುಡದಲ್ಲಿ. ನಾನು ಫಿಸಿಯೋಥೆರಪಿ ಓದಿ ಮುಗಿಸಿ, ಸ್ವಂತ ಕ್ಲಿನಿಕ್ ತೆರೆಯುವ ಗತಿಯಿಲ್ಲದೆ, ಹೆಗಲಿಗೊಂದು ಚೀಲ ಹಾಕಿಕೊಂಡು ಸಿಟಿ ಬಸ್ಸಿನಲ್ಲಿ ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುತ್ತಿದ್ದೆ. ಲಕ್ವ ಹೊಡೆದವರು, ಭುಜ ಹಿಡಿದವರು, ಬಿದ್ದು ಸೊಂಟ ಮುರಿದುಕೊಂಡವರು, ಇವರೇ ನನ್ನ ಜನ. ಮಗಳು ಡಾಕ್ಟರಾಗಲಿಲ್ಲ ಅಂತ ಅಪ್ಪನಿಗೆ ಕೊರಗಿತ್ತು. ಪೇಷಂಟುಗಳೆಲ್ಲ ಡಾಕ್ಟರೇ ಅಂತ ಕರೆಯುತ್ತಿದ್ದರು, ನಾನು ತಿದ್ದುವ ಗೋಜಿಗೆ ಹೋಗಲಿಲ್ಲ.

ನಮ್ಮ ಕಸುಬಿನಲ್ಲಿ ಅರ್ಧ ಕೆಲಸ ಎಣಿಸುವುದು. ಕೈ ಎತ್ತಿ, ಹಿಡಿಯಿರಿ, ಹತ್ತಾಗುವವರೆಗೆ ಬಿಡಬೇಡಿ. ಪೇಷಂಟಿನ ಮನೆಮಾತಿನಲ್ಲೇ ಎಣಿಸಬೇಕು ಅನ್ನುವುದು ನಾನೇ ಮಾಡಿಕೊಂಡ ಪದ್ಧತಿ. ನೋವಿನಲ್ಲಿರುವವರಿಗೆ ತಮ್ಮ ಭಾಷೆಯ ಹತ್ತು ಬೇಗ ಮುಗಿಯುತ್ತದೆ. ಚಿಕ್ಕಡಪಲ್ಲಿಯಲ್ಲಿ ಒಕಟಿ ರೆಂಡು, ಮಲ್ಲೇಪಲ್ಲಿಯಲ್ಲಿ ಏಕ್ ದೋ, ಬೇಗಂ ಬಜಾರಿನ ಮಾರವಾಡಿ ಅಜ್ಜನಿಗೆ ಅವರದೇ ಧಾಟಿ. ಈ ಜಾಣತನದ ಬಗ್ಗೆ ನನಗೆ ಜಂಬ ಇತ್ತು. ಆ ಜಂಬವೇ ಮುಂದೆ ಕೈಕೊಟ್ಟಿತು.

ಶ್ರಾವಣದಲ್ಲಿ ಮೆಹದಿಪಟ್ಟಣಂನ ಒಂದು ಕಾಲೊನಿಯಿಂದ ಕರೆ ಬಂತು. ಸಾರಾಬಾಯಿ, ಎಪ್ಪತ್ತೆರಡು ವರ್ಷ. ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದಿದ್ದವು, ಮಾತು ಪೂರಾ ನಿಂತಿತ್ತು. ಕಿವಿಗೆ ಬಿದ್ದದ್ದೆಲ್ಲ ಅವರಿಗೆ ತಿಳಿಯುತ್ತಿತ್ತು, ಬಾಯಿಗೆ ಮಾತ್ರ ಏನೂ ಬರುತ್ತಿರಲಿಲ್ಲ. ಯಹೂದಿ ಜನ, ಮೂಲ ಕೊಂಕಣ. ಗಂಡ ರೈಲ್ವೆಯಲ್ಲಿದ್ದು ವಾಡಿ ಜಂಕ್ಷನ್ನಿನಲ್ಲೇ ಇಪ್ಪತ್ತು ವರ್ಷ ಕಳೆದದ್ದರಿಂದ ಮನೆಯೊಳಗೆ ಮರಾಠಿ, ಹೊರಗೆ ನಮ್ಮದೇ ಕನ್ನಡ. ಗಂಡ ತೀರಿಕೊಂಡ ಮೇಲೆ ಮಗ ಬೆನ್ನಿಯ ಜೊತೆ ಇಸ್ರೇಲಿಗೆ ಹೋಗಿ, ಅಲ್ಲಿ ಒಂದು ಬಾಲವಾಡಿಯಲ್ಲಿ ಹನ್ನೆರಡು ವರ್ಷ ಆಯಾ ಆಗಿದ್ದರಂತೆ. ಮೊಣಕಾಲಿಗೆ ಅಲ್ಲಿಯ ಚಳಿ ಒಗ್ಗದೆ ಮಗಳ ಹತ್ತಿರ ವಾಪಸ್ ಬಂದಿದ್ದರು. ಮಗಳು ಲೀನಾ, ಸ್ಕೂಲ್ ಟೀಚರು, ಮದುವೆಯಾಗಿರಲಿಲ್ಲ. ಮನೆಯಲ್ಲಿ ಮತ್ತೊಬ್ಬಳು ಶಾಂತವ್ವ, ಸಾರಾಬಾಯಿಯನ್ನು ನೋಡಿಕೊಳ್ಳಲು ಇಟ್ಟುಕೊಂಡವಳು, ಹುಮನಾಬಾದ್ ಕಡೆಯ ಹೆಂಗಸು, ಹಣೆ ತುಂಬ ವಿಭೂತಿ.

ಭಾನುವಾರ ಬಿಟ್ಟು ದಿನಾ ಮಧ್ಯಾಹ್ನ ಮೂರಕ್ಕೆ ಹೋಗುತ್ತಿದ್ದೆ. ಮರಾಠಿಯಲ್ಲಿ ಎಣಿಸಿದೆ, ಕನ್ನಡದಲ್ಲಿ ಎಣಿಸಿದೆ, ಇಂಗ್ಲಿಷಿನಲ್ಲೂ ಎಣಿಸಿದೆ. ಲಕ್ವದಲ್ಲಿ ಎಲ್ಲ ಮಾತು ಹೋದರೂ ಎಣಿಕೆ ಒಮ್ಮೊಮ್ಮೆ ಉಳಿದಿರುತ್ತದೆ, ಅದನ್ನು ಹಿಡಿದು ಎಳೆದರೆ ಉಳಿದದ್ದೂ ಬರಬಹುದು ಅಂತ ನಮಗೆ ಹೇಳಿಕೊಟ್ಟಿದ್ದರು. ಸಾರಾಬಾಯಿ ತುಟಿ ಅಲ್ಲಾಡಿಸಿ, ದನಿ ಬರದೆ, ನನ್ನ ಮುಖ ನೋಡಿ ತಮ್ಮದೇ ತಪ್ಪು ಅನ್ನುವ ಹಾಗೆ ನಗುತ್ತಿದ್ದರು. ಮಳೆ ಹಿಡಿದ ಆ ಒಂದು ತಿಂಗಳು ಬಸ್ಸಿನಲ್ಲಿ ಕೊಡೆ ಸೋರಿಸಿಕೊಂಡು ಹೋಗಿ ಬಂದದ್ದಷ್ಟೇ ಲಾಭ.

ಬೆನ್ನಿ ಪ್ರತಿ ಶುಕ್ರವಾರ ಫೋನ್ ಮಾಡುತ್ತಿದ್ದ. ಅವರ ಸಬ್ಬತ್ತು, ಫೋನೂ ಮುಟ್ಟದ ವಿಶ್ರಾಂತಿಯ ದಿನ, ಶುಕ್ರವಾರ ಸಂಜೆ ಶುರುವಾಗುತ್ತದೆ, ಅದಕ್ಕೂ ಮುಂಚೆ ಅಲ್ಲಿ ಮಧ್ಯಾಹ್ನ, ನಮ್ಮಲ್ಲಿ ಮೂರೂವರೆ. ಮೂರಾದರೆ ಸಾರಾಬಾಯಿ ಎಡಗೈಯಲ್ಲಿ ಕೂದಲು ಸರಿಮಾಡಿಕೊಂಡು ಫೋನಿನ ಕಡೆ ಮುಖ ತಿರುಗಿಸಿ ಕೂಡುವರು. ಒಂದು ಶುಕ್ರವಾರ ಲೀನಾ ಅಕ್ಕ ರಿಸೀವರು ನನ್ನ ಕೈಗೆ ಕೊಟ್ಟರು.

"ಡಾಕ್ಟರ್‌ಬಾಯಿ ಏನ್ರಿ? ನಾ ಬೆನ್ನಿ. ನಮ್ಮವ್ವ ಏನರ ಮಾತಾಡಿದಳೇನ್ರಿ?"

ಸಮುದ್ರದಾಚೆಯಿಂದ ಅಪ್ಪಟ ವಾಡಿ ಸ್ಟೇಷನ್ನಿನ ಕನ್ನಡ. ನನಗೆ ನಗು ಬಂತು.

"ಇನ್ನಾ ಇಲ್ಲರಿ. ಯಾವ ಭಾಷಾದಾಗ ಎಣಿಸಿದರೂ ಬರವಲ್ದು."

"ಹೀಬ್ರೂದಾಗ ಎಣಿಸೀರೇನು? ಬಾಲವಾಡ್ಯಾಗ ದಿನಾ ಸಣ್ಣ ಹುಡುಗರನ್ನ ಎಣಿಸಿ ಎಣಿಸಿ ಒಳಗ ತರತಿದ್ದಳು. ಅದು ಎಲ್ಲರ ಉಳದಿದ್ರೂ ಉಳದಿರಬೇಕು."

"ನನಗ ಹೀಬ್ರೂ ಎಲ್ಲಿಂದ ಬರಬೇಕ್ರಿ?"

"ಫೋನ್ ಅಕಿ ಕಿವಿಗೆ ಹಿಡೀರಿ. ನಾ ಅಂತೀನಿ."

ಹಿಡಿದೆ. ಅವನ ದನಿ ರಿಸೀವರಿನಿಂದ ಆಚೆಗೂ ಕೇಳುತ್ತಿತ್ತು. ಅಖತ್. ಶ್ತಾಯಿಮ್. ಶಲೋಶ್. ಅಲ್ಲಿಗೆ ನಿಲ್ಲಿಸಿದ. ಸಾರಾಬಾಯಿಯ ಕತ್ತಿನ ನರ ಉಬ್ಬಿತು, ಬಾಯಿ ಒಂದು ಕಡೆ ಎಳೆಯಿತು, ಆಮೇಲೆ ಸ್ಪಷ್ಟವಾಗಿ "ಅರ್ಬಾ" ಅಂದರು.

ಲೀನಾ ಅಕ್ಕ ಅಲ್ಲೇ ನೆಲಕ್ಕೆ ಕೂತರು. ಶಾಂತವ್ವ ಅಡುಗೆಮನೆಯಿಂದ ಓಡಿ ಬಂದಳು. ಎರಡು ತಿಂಗಳಲ್ಲಿ ಆ ಬಾಯಿಂದ ಬಂದ ಮೊದಲ ಶಬ್ದ ಅದು, ಅರ್ಬಾ ಅಂದರೆ ನಾಲ್ಕು. ನಾನು ರಿಸೀವರು ಕಸಿದುಕೊಂಡು, ನನಗೂ ಕಲಿಸ್ರಿ, ಈಗ, ಅಂದೆ.

ಹಾಗೆ ಒಂದು ಟ್ರಂಕ್ ಕಾಲಿನಷ್ಟು ಗದ್ದಲದ ಲೈನಿನಲ್ಲಿ ನಾನು ಹೀಬ್ರೂ ಎಣಿಕೆಗೆ ಕೂತೆ. ಅವನು ಹೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಐದಕ್ಕೆ ಖಮೇಶ್, ಖ ಗಂಟಲಿನಿಂದ ಬರಬೇಕು. ಹೈದರಾಬಾದಿನಲ್ಲಿ ಬೆಳೆದವರಿಗೆ ಅದೇನು ಕಷ್ಟವಲ್ಲ. ಆರಕ್ಕೆ ಶೇಶ್, ಶೇಷ ಅಂತ ನೆನಪಿಟ್ಟೆ. ಏಳಕ್ಕೆ ಶೇವಾ.

"ಶೇವು ಚೂಡಾ ತಿಂತೀರಲ್ಲ, ಆ ಶೇವು," ಅಂದ ಬೆನ್ನಿ.

ಎಂಟಕ್ಕೆ ಶ್ಮೋನೆ, ನನ್ನ ನಾಲಿಗೆಯಲ್ಲಿ ಅದು ಸಮೋನಿ ಆಯಿತು, ಅವನು ಆ ಕಡೆ ಬಿದ್ದು ಬಿದ್ದು ನಕ್ಕ. ಒಂಬತ್ತು ತೇಶಾ. ಹತ್ತು ಎಸೆರ್, ಅನ್ನಕ್ಕೆ ಇಡುವ ಎಸರು. ಬರೆದು ಮುಗಿಸಿ ಒಂದೇ ಉಸಿರಿಗೆ ಒಪ್ಪಿಸಿದೆ.

"ಶಾಣ್ಯಾ ಇದ್ದೀರಿ. ಇದರಾಗ ಇನ್ನೊಂದು ತಕರಾರು ಐತಿ, ಅದು ಬಂದಾಗ ಹೇಳ್ತೀನಿ. ಅವ್ವ ಹತ್ತು ಮುಟ್ಟಿದ ದಿನ ನಾ ರಜಾ ಹಾಕಿ ಬರ್ತೀನಿ, ಅಕಿಗೆ ಹೇಳ್ರಿ."

ಹೇಳುವುದೇ ಬೇಕಿರಲಿಲ್ಲ, ಅವರು ಕೇಳಿಸಿಕೊಂಡಿದ್ದರು. ಆ ಮುಖದಲ್ಲಿ ಬಲಗಡೆ ಸತ್ತಿತ್ತು, ಎಡಗಡೆ ಪೂರಾ ನಗುತ್ತಿತ್ತು.

ಆಮೇಲಿನ ಎರಡು ತಿಂಗಳಷ್ಟು ಖುಷಿಯಾಗಿ ನಾನು ಯಾವ ಮನೆಗೂ ಹೋಗಿಲ್ಲ. ಮಳೆ ಹಿಂದಾಗಿ ಸೀತಾಫಲ ಬಂತು. ಮೆಹದಿಪಟ್ಟಣಂ ಬಸ್ ಸ್ಟಾಪಿನಲ್ಲಿ ಇಳಿದು ನಾಲ್ಕು ಹಣ್ಣು ತೆಗೆದುಕೊಂಡು ಹೋಗುವೆ. ಶಾಂತವ್ವ ತಿರುಳು ತಿನ್ನಿಸಿ ಬೀಜ ತೊಳೆದು ಕೊಡುವಳು. ಆ ನುಣುಪು ಕರಿ ಬೀಜಗಳನ್ನು ಬಲಗೈ ಬೆರಳಿನಿಂದ ಒಂದೊಂದೇ ಎತ್ತಿ ಬಟ್ಟಲಿಗೆ ಹಾಕುವುದು, ಹಾಕುವಾಗ ಎಣಿಸುವುದು. ಅಖತ್, ನಾನು ಅನ್ನುವೆ. ಅಖತ್, ಅವರು ಅನ್ನುವರು. ನನ್ನ ಉಚ್ಚಾರ ಕೆಟ್ಟರೆ ಎಡಗೈಯಿಂದ ತೊಡೆಗೆ ಮೆಲ್ಲಗೆ ಒಂದು ಏಟು ಹಾಕುವರು. ಯಾರು ಯಾರಿಗೆ ಕಲಿಸುತ್ತಿದ್ದಾರೆ ಅಂತ ಲೀನಾ ಅಕ್ಕ ಚಾಷ್ಟಿ ಮಾಡುತ್ತಿದ್ದರು. ಶುಕ್ರವಾರ ಬೆನ್ನಿ ಮೊದಲು ನನ್ನ ಪರೀಕ್ಷೆ ತೆಗೆದುಕೊಂಡು ಆಮೇಲೆ ಅವ್ವನದು ತೆಗೆದುಕೊಳ್ಳುತ್ತಿದ್ದ. ದೀಪಾವಳಿ ಹೊತ್ತಿಗೆ ಸಾರಾಬಾಯಿ ಆರಕ್ಕೆ ಮುಟ್ಟಿದರು. ಶೇಶ್ ಆದ ಮೇಲೆ ಎಷ್ಟು ತಿಣುಕಿದರೂ ಏಳು ಬರುತ್ತಿರಲಿಲ್ಲ. ಬರ್ತೈತ್ರಿ, ಅವಸರ ಬ್ಯಾಡ, ಅನ್ನುತ್ತಿದ್ದೆ ನಾನು.

ದೀಪಾವಳಿ ಮುಗಿದು ಒಂದು ವಾರವಾಗಿತ್ತು, ಮಂಗಳವಾರ. ಬೀಜ ಎಣಿಸುತ್ತಿದ್ದಾಗ ಫೋನು ಹೊಡೆದುಕೊಂಡಿತು. ಮಂಗಳವಾರ ಯಾರೂ ಮಾಡುವುದಿಲ್ಲ. ಲೀನಾ ಅಕ್ಕ ಸ್ಕೂಲಿನಿಂದ ಆಗಷ್ಟೇ ಬಂದಿದ್ದರು, ಎತ್ತಿಕೊಂಡರು. ಹೂಂ, ಹೂಂ ಅಂದರು, ಆಮೇಲೆ ಆ ಕಡೆಯವರ ಮಾತು ಬಹಳ ಹೊತ್ತು ಕೇಳಿದರು. ರಿಸೀವರು ಇಟ್ಟು ಅಮ್ಮನ ಕಡೆ ತಿರುಗಿ, "ರಾಂಗ್ ನಂಬರ್" ಅಂದು ಅಡುಗೆಮನೆಗೆ ಹೋದರು. ಒಳಗೆ ನಲ್ಲಿ ಜೋರಾಗಿ ಬಿಟ್ಟ ಸದ್ದು ಕೇಳಿತು. ನಾನು ಹಿಂದೆಯೇ ಹೋದೆ.

ಬೆನ್ನಿ ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದ. ನಲವತ್ತೇಳು ವಯಸ್ಸು. ಅವರಲ್ಲಿ ಮಣ್ಣು ಬೇಗ ಆಗಬೇಕು, ಯಾರಿಗೂ ಕಾಯುವುದಿಲ್ಲ. ಲೀನಾ ಅಕ್ಕ ಹೊರಟರೂ ಮುಟ್ಟುವಂತಿರಲಿಲ್ಲ.

"ಅಮ್ಮಗ ಹೇಳೂದು ಬ್ಯಾಡ," ಅಂದರು ನಲ್ಲಿಯ ಸದ್ದಿನೊಳಗೆ. "ಇನ್ನೊಂದು ಸಲ ಆಘಾತ ಆದ್ರ ಉಳಿಯಂಗಿಲ್ಲ ಅಂತ ಡಾಕ್ಟರು ಅಂದಾರ. ನೀ ನನಗ ಮಾತು ಕೊಡು ಸುಧಾ. ಶಾಂತವ್ವಗೂ ಹೇಳಬ್ಯಾಡ, ಅಕಿ ಅತ್ತಬಿಡ್ತಾಳ."

ಕೊಟ್ಟೆ. ಅದು ಸರಿಯಂತಲೇ ನನಗೂ ಅನ್ನಿಸಿತ್ತು. ಲೀನಾ ಅಕ್ಕ ಮುಖ ತೊಳೆದು ಹೊರಬಂದು ಅಮ್ಮನಿಗೆ ಚಹಾ ಕುಡಿಸಿದರು. ಅವರ ಧೈರ್ಯ ನೋಡಿ ನಾನು ಬೆರಗಾದೆ. ಸಾರಾಬಾಯಿ ಮಗಳ ಮುಖವನ್ನೇ ನೋಡುತ್ತ ಚಹಾ ಕುಡಿದರು.

ಮರುದಿನ ಹೋದಾಗ ಸಾರಾಬಾಯಿ ಕುರ್ಚಿಯ ಕೆಳಗೆ ನೆಲದ ಮೇಲೆ ಇದ್ದರು. ಬಿದ್ದರೇ ಅಂತ ಗಾಬರಿಯಾಯಿತು. ಬಿದ್ದಿಲ್ರಿ, ತಾವ ಜಾರಿಕೊಂಡು ಇಳದಾರ, ಎತ್ತಿ ಕೂಡಿಸಿದ್ರ ಮತ್ತ ಇಳೀತಾರ, ಅಂದಳು ಶಾಂತವ್ವ. ಗೌನಿನ ಕೊರಳ ಹತ್ತಿರ ಒಂದು ಗೇಣು ಹರಿದಿತ್ತು. ಬೆಳಗ್ಗೆ ಎಡಗೈಲೆ ಎಳಕೊಂಡು ಹರಕೊಂಡ್ರು, ಈಗ ಹೊಲೀಬೇಕು, ಅಂದು ಅವಳು ಸೂಜಿ ದಾರ ತಂದಳು. ಮೈಮೇಲೆ ಇದ್ದ ಹಾಗೇ ಹೊಲಿದಳು. ಸಾರಾಬಾಯಿ ಅವಳ ಕೈ ತಳ್ಳಿದರು, ಅವಳು ಬಿಡಲಿಲ್ಲ. ಆಮೇಲೆ ನಾನೂ ಅವಳೂ ಸೇರಿ ಕಂಕುಳಲ್ಲಿ ಕೈ ಹಾಕಿ ಅವರನ್ನು ಕುರ್ಚಿಗೆ ಎತ್ತಿದೆವು. ಎತ್ತುವಾಗ ಅವರು ಹೇಳಿದರು, ತಡೆತಡೆದು, ಆದರೆ ಸ್ಪಷ್ಟವಾಗಿ: "ಶಿವಾ."

ಶಾಂತವ್ವನ ಮುಖ ಅರಳಿತು. "ಕೇಳಿದ್ರೇನ್ರಿ? ಶಿವನ್ನ ನೆನೀತಾರ. ಯಾವ ಜಾತಿ ಆದ್ರೇನು, ಕಷ್ಟಕ್ಕ ಅವನ ಬರಬೇಕು." ಓಡಿಹೋಗಿ ತನ್ನ ವಿಭೂತಿ ತಂದು ಅವರ ಹಣೆಗೆ ಹಚ್ಚಿದಳು. ಸಾರಾಬಾಯಿ ಮುಖ ಆ ಕಡೆ ತಿರುಗಿಸಿದರು. ನಾನು ನಕ್ಕೆ. ಓದಿದವಳು ನಾನು, ನನಗೆ ನಿಜ ಗೊತ್ತಿತ್ತು: ಇವರಿಗೆ ಆರು ಆಗಿದೆ, ಏಳಕ್ಕೆ ಹೋರಾಡುತ್ತಿದ್ದಾರೆ, ನಾಲಿಗೆ ಹೊರಳದೆ ಶೇವಾ ಹೋಗಿ ಶಿವಾ ಆಗಿದೆ.

"ಶಿವಾ ಅಲ್ಲರಿ, ಶೇವಾ," ಅಂದೆ. "ಶೇ. ಶೇವಾ."

"ಶಿವಾ."

"ಶೇ. ನನ್ನ ತುಟಿ ನೋಡ್ರಿ. ಶೇವಾ."

ಅವರು ತಲೆ ಅಲ್ಲಾಡಿಸಿದರು. ಎಡಗೈ ಎತ್ತಿ ಐದು ಬೆರಳು ತೋರಿಸಿದರು, ಮುಚ್ಚಿ, ಎರಡು ತೋರಿಸಿದರು. ಏಳು. ಹೌದ್ರಿ ಏಳು, ಏಳಕ್ಕೆ ಶೇವಾ, ಅಂದೆ ನಾನು. ಹೀಬ್ರೂ ಕಲಿತು ಎರಡು ತಿಂಗಳಾದವಳು, ಹನ್ನೆರಡು ವರ್ಷ ಆ ಭಾಷೆಯಲ್ಲಿ ಬಾಳಿದವರನ್ನು ತಿದ್ದಿದೆ.

ಗುರುವಾರವೂ ಹಾಗೇ. ಹೋಗುವುದರೊಳಗೆ ನೆಲದ ಮೇಲೆ ಇದ್ದರು, ಹೊಲಿಗೆ ಮತ್ತೆ ಕಿತ್ತಿತ್ತು. ಶಾಂತವ್ವ ಮತ್ತೆ ಹೊಲಿದಳು, ನಾವು ಮತ್ತೆ ಎತ್ತಿದೆವು. ನನಗೆ ಕಸುಬಿನ ಸಿಟ್ಟು ಬಂದಿತ್ತು. ಇಷ್ಟು ತಿಂಗಳು ಕಷ್ಟಪಟ್ಟು ಕುರ್ಚಿಯಲ್ಲಿ ನೆಟ್ಟಗೆ ಕೂಡುವುದು ಕಲಿಸಿದ್ದು ಹಾಳಾಗುತ್ತದಲ್ಲ ಅಂತ. ಶುಕ್ರವಾರ ನಾನು ಹೋದದ್ದೇ ಮೂರಕ್ಕೆ. ಮೂರೂವರೆ ಆಯಿತು, ನಾಲ್ಕಾಯಿತು. ಲೀನಾ ಅಕ್ಕ ಲೈನು ಕೆಟ್ಟಿದೆ ಅಂತ ಕೇಳದಿದ್ದರೂ ಹೇಳಿದರು. ಸಾರಾಬಾಯಿ ಫೋನಿನ ಕಡೆ ಒಂದು ಸಲವೂ ನೋಡಲಿಲ್ಲ. ಸದ್ಯ, ವಾರ ಮರೆತಿದ್ದಾರೆ, ಒಳ್ಳೆಯದೇ ಆಯಿತು ಅಂದುಕೊಂಡೆ. ಅವರು ಮತ್ತೆ ಕುರ್ಚಿಯಿಂದ ಜಾರತೊಡಗಿದಾಗ ಭುಜ ಹಿಡಿದು ತಡೆದು, ಮುಖಕ್ಕೆ ಮುಖ ಕೊಟ್ಟು, ಜೋರಾಗಿಯೇ ಹೇಳಿದೆ:

"ಹಿಂಗ ಹಟ ಮಾಡಿದ್ರ ಹೆಂಗ್ರಿ? ಎಣಿಸ್ರಿ. ಹತ್ತು ಮುಟ್ಟಿದ್ರ ಬೆನ್ನಿ ಅಣ್ಣ ಬರ್ತಾರ. ಬರೂದು ಬ್ಯಾಡೇನು?"

ಲೀನಾ ಅಕ್ಕ ಹೇಳಿಕೊಟ್ಟ ಸುಳ್ಳಲ್ಲ ಅದು. ಸುಮ್ಮನಿರು ಅಂದಿದ್ದರು, ಅಷ್ಟೇ. ಇದು ನನ್ನ ಬಾಯಿಂದ ನಾನೇ ಹುಟ್ಟಿಸಿದ್ದು. ಸಾರಾಬಾಯಿ ಜಾರುವುದನ್ನು ನಿಲ್ಲಿಸಿದರು. ನನ್ನನ್ನು ನೋಡಿದರು, ತುಂಬ ಹೊತ್ತು. ಸಿಟ್ಟೂ ಇಲ್ಲ, ಅಳುವೂ ಇಲ್ಲ. ಆಮೇಲೆ ಕಣ್ಣು ಮುಚ್ಚಿಕೊಂಡರು. ಕೇಸ್ ಪುಸ್ತಕದಲ್ಲಿ ನಾನು, ಸಹಕರಿಸುತ್ತಿಲ್ಲ, ಅಂತ ಬರೆದುಕೊಂಡೆ.

ಶನಿವಾರ ಹೋದರೆ ಆಶ್ಚರ್ಯ: ತಾವಾಗಿಯೇ ಕುರ್ಚಿಯ ಮೇಲೆ ಕೂತಿದ್ದಾರೆ, ಬೇರೆ ಗೌನು. ನನ್ನ ಗದರಿಕೆ ಕೆಲಸ ಮಾಡಿತು ಅಂತ ಹಿಗ್ಗಿದೆ. ಭಾನುವಾರ ನನ್ನ ರಜೆ; ಅವತ್ತು ದಿನವಿಡೀ ಮತ್ತೆ ನೆಲದ ಮೇಲೇ ಇದ್ದರು ಅಂತ ಶಾಂತವ್ವ ಆಮೇಲೆ ಹೇಳಿದಳು. ಸೋಮವಾರ ಮೂರಕ್ಕೆ ಹೋದಾಗ ತಲೆ ಬಾಚಿಸಿಕೊಂಡು ಕುರ್ಚಿಯಲ್ಲಿದ್ದರು. ಅಲ್ಲಿಂದ ಮುಂದೆ ಒಂದು ದಿನವೂ ಕೆಳಗೆ ಜಾರಲಿಲ್ಲ, ಬಟ್ಟೆ ಹರಿದುಕೊಳ್ಳಲಿಲ್ಲ. ಸುಧಾರಿಸಿದ್ದಾರೆ, ಅಂತ ಬರೆದೆ. ಎಣಿಕೆ ಮಾತ್ರ ಮತ್ತೆ ಆ ಬಾಯಿಂದ ಬರಲಿಲ್ಲ. ನಾನು ಎಣಿಸುತ್ತಿದ್ದೆ, ನಾನು ಹೇಳಿದಷ್ಟು ಸಲ ಅವರು ಕೈ ಎತ್ತುತ್ತಿದ್ದರು.

ಡಿಸೆಂಬರಿನಲ್ಲಿ ನನಗೆ ಸಿಕಂದರಾಬಾದಿನಲ್ಲಿ ಒಬ್ಬ ಹೊಸ ಪೇಷಂಟು ಸಿಕ್ಕರು. ಬೀದರ್ ಕಡೆಯ ಕ್ರೈಸ್ತರು, ಪಾದ್ರಿಗಳಾಗುವವರಿಗೆ ಪಾಠ ಹೇಳಿ ನಿವೃತ್ತರಾದವರು. ಎಲ್ಲರೂ ಮಾಸ್ತರು ಅನ್ನುತ್ತಿದ್ದರು. ಭುಜ ಹಿಡಿದಿತ್ತು. ಪರಿಚಯದ ಮೊದಲ ವಾರವೇ ಅವರು ಹೀಬ್ರೂ ಕಲಿಸುತ್ತಿದ್ದರು ಅಂತ ಗೊತ್ತಾಗಿ, ನನ್ನ ಜಂಬ ತಡೆಯದೆ ಅವರ ಕೈ ಎತ್ತಿಸುತ್ತ ಹೀಬ್ರೂದಲ್ಲಿ ಎಣಿಸಿಬಿಟ್ಟೆ. ಮಾಸ್ತರಿಗೆ ನೋವು ಮರೆತೇಹೋಯಿತು.

"ಎಲ್ಲಿ ಕಲ್ತಿಯವ್ವ? ಛಲೋ ಅಂದಿ."

ಹೇಳಿದೆ. ಹೇಳುತ್ತ, ನಮ್ಮ ಪೇಷಂಟು ಏಳಕ್ಕೆ ಬಂದು ನಿಂತುಬಿಟ್ಟರು, ಶೇವಾ ಅನ್ನಲು ಬರದೆ ಶಿವಾ ಅನ್ನುತ್ತಿದ್ದರು, ಕೆಲಸದವಳು ವಿಭೂತಿ ಹಚ್ಚಿದಳು, ಅಂತ ನಗೆಯ ಮಾತಿನ ಹಾಗೆ ಹೇಳಿದೆ.

ಮಾಸ್ತರು ನಗಲಿಲ್ಲ. "ಶಿವಾ ಅಂದ್ರೂ ಏಳ ಅವ್ವ. ನಾವು ಒಬ್ಬಾಂವ ಬಂದ, ಒಬ್ಬಾಕಿ ಬಂದಳು ಅಂತೀವಿಲ್ಲೋ? ನಮಗ ಒಂದಕ್ಕ ಮುಗೀತು. ಅವರಿಗೆ ಹತ್ತರ ತನಕಾ ಹಂಗ, ಹೆಣ್ಣಿಗೆ ಬ್ಯಾರೆ ಎಣಿಕಿ, ಗಂಡಿಗೆ ಬ್ಯಾರೆ. ಹೆಣ್ಣಿಗೆ ಶೇವಾ, ಗಂಡಿಗೆ ಶಿವಾ. ಸುಮ್ನ ಎಣಿಸೂವಾಗ ಹೆಣ್ಣಿನ ಎಣಿಕಿ. ನಿನಗ ಅದಷ್ಟ ಕಲಸ್ಯಾರ."

ಬೆನ್ನಿ ಆಮೇಲೆ ಹೇಳುತ್ತೇನೆ ಅಂದಿದ್ದ ತಕರಾರು ಇದೇ.

"ಅವರ ಭಾಷಾದಾಗ ದಿನ ಅನ್ನೂದು ಗಂಡು," ಅಂದರು ಮಾಸ್ತರು. "ಏಳು ದಿನ ಅನ್ನಾಕ ಶಿವಾ ಬೇಕು. ಬರೀ ಶಿವಾ ಅಂದ್ರ ಸೂ‌ತಕದ ಏಳು ದಿನ ಅಂತನೂ ಅರ್ಥ. ಅವರ ಮನ್ಯಾಗ ಯಾರರ ತೀರಿಕೊಂಡಿದ್ರೇನು?"

ನಾನು ಅವರ ಕೈ ಕೆಳಗಿಳಿಸಿದೆ. ಸೂತಕದಲ್ಲಿ ಏನು ಮಾಡುತ್ತಾರೆ ಅಂತ ಕೇಳಿದೆ.

"ಹೆಂಡತಿ, ಗಂಡ, ಮಕ್ಕಳು, ತಂದಿ ತಾಯಿ, ಒಡಹುಟ್ಟಿದವರು, ಇಂಥಾವರು ಹೋದ್ರ ಎದಿಮ್ಯಾಲಿನ ಬಟ್ಟಿ ಹರಕೋತಾರ. ಏಳು ದಿನ ಕುರ್ಚಿ ಮ್ಯಾಲ ಕೂಡಂಗಿಲ್ಲ, ನೆಲದ ಮ್ಯಾಲ ಕೂಡ್ತಾರ. ನಡುವ ಶನಿವಾರ ಬಂದ್ರ ಅದೊಂದು ದಿನ ಸೂತಕ ಹೊರಗ ತೋರಸಂಗಿಲ್ಲ, ಎದ್ದು ಕೂಡ್ತಾರ. ಏಳನೇ ದಿನ ಮುಂಜಾನೆ ಮುಗೀತು."

ಮಂಗಳವಾರದಿಂದ ಸೋಮವಾರ. ನಾನು ಮನಸ್ಸಿನಲ್ಲಿ ಎಣಿಸಿಕೊಂಡೆ. ಅವತ್ತು ಆ ಫೋನು ಎತ್ತಿದ ಮಗಳ ಮುಖ ನೋಡಿಯೇ ಆ ತಾಯಿಗೆ ತಿಳಿದಿತ್ತು. ಅರ್ಧ ಮೈಯಲ್ಲಿ, ಮಾತಿಲ್ಲದೆ, ಒಬ್ಬರೇ, ಮಗನ ಸೂತಕಕ್ಕೆ ಕೂತಿದ್ದರು. ಅವರು ಬಟ್ಟೆ ಹರಿದುಕೊಂಡರು, ನಾವು ಹೊಲಿದೆವು. ಅವರು ನೆಲಕ್ಕೆ ಇಳಿದರು, ನಾವು ಎತ್ತಿದೆವು. ಕೊನೆಗೆ ಬಾಯಿಬಿಟ್ಟು, ಬೆರಳು ಮಡಿಸಿ ಹೇಳಿದರು, ನಾನು ಉಚ್ಚಾರ ತಿದ್ದಿದೆ. ಸತ್ತ ಮಗ ಬರುತ್ತಾನೆ ಅಂದೆ.

ಮಾಸ್ತರ ಮನೆಯಿಂದ ಹೊರಬಂದು ಯಾವ ಬಸ್ಸು ಹತ್ತಿದೆನೋ ನೆನಪಿಲ್ಲ. ನನ್ನ ಮೇಲೆ ನನಗೆ ಬಂದ ಹೇಸಿಗೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ಮರುದಿನ ಮೂರಕ್ಕೆ ಮೆಹದಿಪಟ್ಟಣಂಗೆ ಹೋದೆ. ಶಾಂತವ್ವ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಲೀನಾ ಅಕ್ಕ ಅಡುಗೆಮನೆಯಲ್ಲಿದ್ದರು, ಕುಕ್ಕರಿನ ಸದ್ದು ಬರುತ್ತಿತ್ತು. ನಾನು ಸಾರಾಬಾಯಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ.

"ಶಿವಾ ಅಂದ್ರ ಏನಂತ ನಿನ್ನೆ ಗೊತ್ತಾತ್ರಿ," ಅಂದೆ. "ನನಗ ತಿಳೀಲಿಲ್ಲ. ನಿಮ್ಮನ್ನ ಕೂಡಗೊಡಲಿಲ್ಲ. ಬೆನ್ನಿ ಅಣ್ಣ ಬರ್ತಾರ ಅಂತ ಸುಳ್ಳು ಹೇಳಿದೆ. ನಾ ಭಾಳ ದೊಡ್ಡ ತಪ್ಪು ಮಾಡೇನ್ರಿ."

ಅವರ ಎಡಗೈ ಬಂತು. ನನ್ನ ಗದ್ದ ಹಿಡಿದು ಮೇಲಕ್ಕೆತ್ತಿದರು. ಅವರ ಎರಡೂ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಆ ಮನೆಯಲ್ಲಿ ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾನು ಎದ್ದು, ಅಕ್ಕಗ ಹೇಳ್ತೀನ್ರಿ, ಇಬ್ಬರೂ ಸೇರಿ ಅಳ್ರಿ, ಅಂದೆ. ಅವರು ನನ್ನ ಮಣಿಕಟ್ಟು ಹಿಡಿದುಬಿಟ್ಟರು. ಆ ಎಡಗೈಯಲ್ಲಿ ಅಷ್ಟು ಬಲ ಇತ್ತು ಅಂತ ನನಗೇ ಗೊತ್ತಿರಲಿಲ್ಲ. ಅಡುಗೆಮನೆಯ ಕಡೆ ಕಣ್ಣು ತೋರಿಸಿದರು, ತಲೆ ಅಲ್ಲಾಡಿಸಿದರು, ಆಮೇಲೆ ಕೈ ಬಿಟ್ಟು ಒಂದು ಬೆರಳು ತಮ್ಮ ತುಟಿಗೆ ಇಟ್ಟುಕೊಂಡರು.

ಲೀನಾ ಅಕ್ಕ ಒಂದು ಕಾಗದ ಹಿಡಿದುಕೊಂಡು ಹೊರಗೆ ಬಂದರು. ಬೆನ್ನಿ ಪತ್ರ ಬರದಾನಮ್ಮ, ಅಂದು ಎದುರಿಗೆ ಕೂತು ಓದತೊಡಗಿದರು. ಕೆಲಸ ಜಾಸ್ತಿಯಂತೆ, ಅಲ್ಲಿ ಮಳೆ ಶುರುವಾಗಿದೆಯಂತೆ, ಅವ್ವ ಔಷಧ ತಪ್ಪಿಸಬಾರದಂತೆ. ನಾನು ಕೂತಲ್ಲಿಂದ ಕಾಗದದ ಈ ಕಡೆ ಕಾಣುತ್ತಿತ್ತು, ಅದು ಸ್ಕೂಲಿನ ಸರ್ಕ್ಯುಲರು. ಸಾರಾಬಾಯಿ ಮುಖ ಒರೆಸಿಕೊಂಡು, ಎಡಗಡೆಯ ಆ ನಗುವನ್ನು ತಂದುಕೊಂಡು ಪೂರ್ತಿ ಕೇಳಿದರು. ಮುಗಿದ ಮೇಲೆ, ಇನ್ನೊಮ್ಮೆ ಓದು, ಅಂತ ಕೈಸನ್ನೆ ಮಾಡಿದರು. ಲೀನಾ ಅಕ್ಕ ಮೊದಲಿನಿಂದ ಓದಿದರು.

ಸಂಕ್ರಾಂತಿಯಾಗಿ ಕೆಲವು ದಿನಕ್ಕೆ, ಒಂದು ಬೆಳಿಗ್ಗೆ, ಸಾರಾಬಾಯಿ ಹೋದರು. ಅಲ್ಲಿಯವರೆಗೆ ನಾನು ದಿನಾ ಹೋದೆ, ದಿನಾ ಎಣಿಸಿದೆ. ತಾಯಿಗೆ ಗೊತ್ತಿದೆ ಅಂತ ಮಗಳಿಗೆ ಗೊತ್ತಿರಲಿಲ್ಲ. ಒಬ್ಬರಿಗೊಬ್ಬರು ಹೆದರಿ, ಒಬ್ಬರಿಗೊಬ್ಬರು ಮರುಗಿ, ಒಂದೇ ಸಾವನ್ನು ಇಬ್ಬರೂ ಬಚ್ಚಿಟ್ಟುಕೊಂಡು ಒಂದೇ ಮನೆಯಲ್ಲಿ ಇದ್ದರು. ಇಬ್ಬರಿಗೂ ಮಾತು ಕೊಟ್ಟವಳು ನಾನು. ಎಷ್ಟು ಸಲ ಬಾಯಿತನಕ ಬಂತೋ ಲೆಕ್ಕವಿಲ್ಲ.

ಮಣ್ಣಾದ ಮೂರನೇ ದಿನ ಹೋದಾಗ ಲೀನಾ ಅಕ್ಕ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು, ರವಿಕೆಯ ಕೊರಳಲ್ಲಿ ಹರಿದ ಗುರುತು. ನಾನೂ ಪಕ್ಕದಲ್ಲಿ ಕೂತೆ. ಶಾಂತವ್ವ ನೀರು ಕೊಟ್ಟು ಹೋದಳು.

"ಬೆನ್ನಿಗೆ ಸೂತಕ ಕೂಡಾಕ ಆಗಲಿಲ್ಲ ನನಗ," ಅಂದರು ಅಕ್ಕ. "ಅಮ್ಮನ ಮುಂದ ಬಣ್ಣದ ಸೀರಿ ಉಟ್ಟು, ನಕ್ಕೋತ, ಪತ್ರ ಓದಿದೆ. ಈಗ ಇಬ್ಬರಿಗೂ ಸೇರಿ ಕೂತೀನಿ. ಪಾಪನೋ ಪುಣ್ಯನೋ ತಿಳೀವಲ್ದು. ಒಂದ ಸಮಾಧಾನ ಸುಧಾ. ಅಮ್ಮ ಮಗ ಇದ್ದಾನ ಅಂತ ತಿಳಕೊಂಡ ಹೋದಳು. ಅಕಿಗೆ ಆ ದುಃಖ ಮುಟ್ಟಲಿಲ್ಲ. ಹೌದಿಲ್ಲೋ?"

ಅವರು ನನ್ನ ಮುಖ ನೋಡುತ್ತಿದ್ದರು. ಮೂರು ತಿಂಗಳಿನಿಂದ ನಿದ್ದೆ ಕಾಣದ ಕಣ್ಣು.

"ಹೌದ್ರಿ ಅಕ್ಕ," ಅಂದೆ. "ಅವರಿಗೆ ಏನೂ ಗೊತ್ತಾಗಲಿಲ್ಲ."